ಉದ್ಯೋಗಕ್ಕೆ ತಕ್ಕ ಭಾಂಡವಲು

ಕಾಯಕವು ಶ್ರೇಷ್ಠವೆಂಬದನ್ನು ತಾವೆಲ್ಲರೂ ಬಲ್ಲಿರಿ. ಆದರೆ ಕಾಯಕಕ್ಕೆ ತೊಡಗಿಸುವ ಹಣವು ಎಲ್ಲಿಂದ ಬರಬೇಕು, ಯಾವ ಹಣವು ಯಾವ ಕೆಲಸಕ್ಕೆ ಸಲ್ಲುವದು ಎಂಬ ವಿಚಾರವನ್ನು ನಾವು ಮಾಡುವದು ಕಡಿಮೆ. ದುಡಿಯಲಾರದೆ ಕೆಟ್ಟವರಿಗಿಂತ, ದುಡಿಯುತ್ತಲೇ ಸಲ್ಲದ ಸಾಲಕ್ಕೆ ಸಿಕ್ಕಿ ಕೆಟ್ಟವರ ಸಂಕಟವು ದೊಡ್ಡದು.

ಮೊದಲನೆಯದಾಗಿ, ಸಾಲದ ಅವಧಿಯು ಕೆಲಸದ ಅವಧಿಗೆ ಹೊಂದಬೇಕು. ರಾಮದುರ್ಗದ ನೇಕಾರನು ಕೊಳ್ಳುವ ಮಗ್ಗವು ಹಲವು ವರ್ಷ ದುಡಿಯುವದು. ಅದರ ಸಾಲವೂ ಕೆಲವು ವರ್ಷಗಳ ಕಂತಿನದಾಗಿರಬೇಕು. ಅವನು ತರುವ ನೂಲಾದರೋ ಬೇಗನೆ ಸೀರೆಯಾಗಿ ಮಾರಿ ಹಣವಾಗುವದು; ಅದಕ್ಕೆ ಅಲ್ಪಾವಧಿಯ ಸಾಲವೇ ಸಾಕು. ಮೂರು ತಿಂಗಳ ಕೈಗಡದಿಂದ ಮಗ್ಗ ಕೊಂಡವನು ನಾಲ್ಕನೆಯ ತಿಂಗಳಿಗೆ ಆ ಮಗ್ಗವನ್ನೇ ಮಾರಬೇಕಾದೀತು. ಸವದತ್ತಿಯ ಎಲ್ಲಮ್ಮನ ಗುಡ್ಡದ ಅಂಗಡಿಕಾರನಿಗೆ ಬನದ ಹುಣ್ಣಿವೆ, ಭಾರತ ಹುಣ್ಣಿವೆಗಳೇ ಸುಗ್ಗಿ. ಬೈಲಹೊಂಗಲದ ಹತ್ತಿಯ ವ್ಯಾಪಾರಿಗೆ ಹತ್ತಿ ಪೇಟೆಗೆ ಬರುವ ಕಾಲವೇ ಸುಗ್ಗಿ. ಕಿತ್ತೂರ ಸೀಮೆಯ ಕಬ್ಬಿನ ಒಕ್ಕಲಿಗನು ಹಣ ಕಾಣುವದು ವರ್ಷಕ್ಕೊಮ್ಮೆ. ವರ್ಷಕ್ಕೊಮ್ಮೆ ಹಣ ಕಾಣುವವನು ವಾರದ ಕಂತಿಗೆ ಒಪ್ಪಿದರೆ, ಆ ಕಂತು ತೀರಿಸಲಿಕ್ಕೇ ಎರಡನೆಯ ಸಾಲವನ್ನು ಹುಡುಕುವನು.

ಎರಡನೆಯದಾಗಿ, ಬಡ್ಡಿಯ ನಿಜವಾದ ಲೆಕ್ಕವನ್ನು ಅರಿಯಬೇಕು. “ಮೂರು ರೂಪಾಯಿ ಬಡ್ಡಿ” ಎಂಬ ಮಾತು ಕಿವಿಗೆ ಹಗುರು. ತಿಂಗಳಿಗೆ ನೂರಕ್ಕೆ 3 ಎಂದರೆ ವರ್ಷಕ್ಕೆ 36. 10,000 ರೂಪಾಯಿ ಬರೆಯಿಸಿಕೊಂಡು 9,000 ಕೈಗಿತ್ತು, ದಿನಕ್ಕೆ 100ರಂತೆ 100 ದಿನ ವಸೂಲು ಮಾಡುವ ಸಾಲವನ್ನು “ನೂರಕ್ಕೆ ಹತ್ತು” ಎಂದು ಕರೆಯುವರು. ಅಸಲು ದಿನದಿನವೂ ತೀರುತ್ತ ಬರುವದನ್ನು ಗಣಿಸಿದರೆ ಅದು ವರ್ಷಕ್ಕೆ ನೂರಕ್ಕೆ 75ನ್ನೂ ಮೀರುವದು. ಯಾವ ಪ್ರಾಮಾಣಿಕ ಅಂಗಡಿಯ ಲಾಭವು ಇಷ್ಟು ಭಾರವನ್ನು ಹೊತ್ತೀತು?

ಮೂರನೆಯದಾಗಿ, ಯಾರಿಂದ ತರಬೇಕು? ಮೊದಲು ಸ್ವಂತ ಉಳಿತಾಯ. ಬಳಿಕ ಸಹಕಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು. ಒಬ್ಬನಲ್ಲಿ ಇಲ್ಲದ ಹಣವು ಊರಲ್ಲಿ ಚೂರುಚೂರಾಗಿ ಇದ್ದೇ ಇರುವದೆಂಬದು ಸಹಕಾರದ ತಿರುಳು. ಅಲ್ಲಿ ಸಾಲ ಮುಳುಗಿಸುವವನು ನೆರೆಯವನ ಠೇವನ್ನೇ ಮುಳುಗಿಸುವನೆಂಬ ಎಚ್ಚರವೂ ಬೇಕು. ಬ್ಯಾಂಕುಗಳು 2015ರಿಂದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಗಳಿಗೆ ಒತ್ತೆಯಿಲ್ಲದೆ ಸಾಲ ಕೊಡುತ್ತಿವೆ. ಕಾಗದಪತ್ರಗಳ ಬೇಸರಕ್ಕಾಗಿ ಅದನ್ನು ತೊರೆಯುವದು ಜಾಣತನವಲ್ಲ. ಲಾಭವು ನಿಶ್ಚಯವಿಲ್ಲದ ಹೊಸ ಉದ್ಯೋಗಕ್ಕೆ ಪಾಲುಗಾರನೇ ಲೇಸು. ಸಾಲಿಗನು ನಷ್ಟದಲ್ಲಿಯೂ ಬಡ್ಡಿ ಕೇಳುವನು, ಪಾಲುಗಾರನು ನಷ್ಟವನ್ನೂ ಹಂಚಿಕೊಳ್ಳುವನು. ಆದರೆ ಅಣ್ಣತಮ್ಮಂದಿರಾದರೂ ಕರಾರುಪತ್ರ ಬರೆದೇ ಕೂಡಬೇಕು.

ಕೊನೆಯದಾಗಿ ಒಂದು ಬಿನ್ನಹ. ಉದ್ಯೋಗದ ಸಾಲದಿಂದ ಮದುವೆ ಮಾಡಬೇಡಿರಿ. ಇರುವ ಒಂದೇ ಮನೆಯನ್ನು ಒತ್ತೆಯಿಡಬೇಡಿರಿ. ತಾಯಂದಿರನ್ನು ಕೇಳದೆ ಅವರ ಬಂಗಾರವನ್ನು ಮುಟ್ಟಬೇಡಿರಿ. ರುಜು ಹಾಕುವ ಮುನ್ನ ಮನೆಯವರೆಲ್ಲ ಕುಳಿತು ಲೆಕ್ಕ ಮಾಡಿರಿ. ತೀರಿಸಬಲ್ಲ ಸಾಲವು ಕಾಯಕಕ್ಕೆ ಊರುಗೋಲು. ತೀರದ ಸಾಲವು ಕಾಲಿನ ಸಂಕೋಲೆ. ತಮ್ಮ ಕಾಯಕಗಳು ಋಣಮುಕ್ತವಾಗಿ ಬೆಳೆದು, ದಾಸೋಹಕ್ಕೆ ನೆರವಾಗಲೆಂದು ಹಾರೈಸಿ ವಿರಮಿಸುವೆನು.