ನಮಗೆ ಒಗ್ಗುವ ಕೆಲಸ ಯಾವುದು?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಲು ನಮಗೆ ಅವಕಾಶ ಕೊಟ್ಟಿದ್ದೀರಿ. ಸಂಘದ ಏಳಿಗೆಯ ವಿಚಾರ ಹಿರಿಯರು ಆಗಲೇ ಹೇಳಿದ್ದಾರೆ. ನಾವು ಮನೆಮನೆಯಲ್ಲೂ ಇರುವ ಒಂದು ಚಿಂತೆಯ ಬಗ್ಗೆ ಮಾತಾಡುತ್ತೇವೆ. "ಓದು ಮುಗೀತಲ್ಲ, ಮುಂದೇನಪ್ಪಾ?" ಅಂತ ಕೇಳಿದರೆ ನಮ್ಮ ಹುಡುಗರು "ಯಾವ್ದಾದ್ರೂ ಒಂದು ಕೆಲ್ಸ ಸಿಕ್ಕಿದ್ರೆ ಸಾಕು" ಅಂತಾರೆ. ಈ "ಯಾವ್ದಾದ್ರೂ" ಅನ್ನುವ ಮಾತೇ ತೊಂದರೆಯ ಮೂಲ.

ನಮ್ಮ ಅಜ್ಜಂದಿರಿಗೆ ಈ ಪ್ರಶ್ನೆ ಇರಲಿಲ್ಲ. ರಾಗಿ, ಅವರೆ, ಎರಡು ಹಸು, ಅಷ್ಟರಲ್ಲೇ ಬಾಳು ಸಾಗುತ್ತಿತ್ತು. ಸೋಂಪುರಕ್ಕೆ ಕೈಗಾರಿಕಾ ಪ್ರದೇಶ ಬಂತು. ದಾಬಸ್‌ಪೇಟೆ ಸುತ್ತ ಕಾರ್ಖಾನೆಗಳು ಎದ್ದವು. ಹಲವರ ಹೊಲ ಹೋಯಿತು, ಪರಿಹಾರ ಬಂತು. ಆದರೆ ಹೊಲದ ದುಡ್ಡು ಬರೋದು ಒಂದೇ ಸಲ. ಕೈಯಲ್ಲಿ ಕಸುಬಿದ್ದರೆ ಜೀವನಪೂರ್ತಿ ಬರುತ್ತದೆ.

ಜಮೀನು ಕಳೆದುಕೊಂಡ ಮನೆಯವರ ಮಾತು ಬಂದಾಗ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೆನಪಾಗುತ್ತಾರೆ. ಹೇಮಾವತಿ ಅಣೆಕಟ್ಟೆಯಿಂದ ಅವರ ಮನೆತನದ ಜಮೀನು ಮುಳುಗಿತು. ಸೈನ್ಯ ಬಿಟ್ಟು ಬಂದ ಅವರು ಬದಲಿಗೆ ಸಿಕ್ಕ ಬಂಜರು ಭೂಮಿಯಲ್ಲಿ ಗುಡಾರ ಹಾಕಿಕೊಂಡು ಬೇಸಾಯಕ್ಕೆ ಇಳಿದರು. ಹಸು, ಕೋಳಿ, ರೇಷ್ಮೆ ಎಲ್ಲ ಮಾಡಿ ನೋಡಿದರು. ಹಾಸನದಲ್ಲಿ ಮೋಟಾರ್ ಸೈಕಲ್ ಮಾರಿದರು. ಅವರ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದರು. ಆ ಕಂಪನಿ ಬಹಳ ವರ್ಷ ಅವರ ಕೈಯಲ್ಲಿ ಉಳಿಯಲಿಲ್ಲ, ಅದೂ ನಿಜ. ಎಲ್ಲರೂ ವಿಮಾನ ಹಾರಿಸಿ ಅಂತ ನಾವು ಹೇಳ್ತಿಲ್ಲ. ಒಗ್ಗುವ ಕೆಲಸ ಕೂತಲ್ಲಿ ಹೊಳೆಯೋದಿಲ್ಲ, ಮಾಡಿ ನೋಡಿದರೇ ಗೊತ್ತಾಗೋದು ಅಂತಷ್ಟೇ ಹೇಳ್ತಿದ್ದೇವೆ.

ಡೇರಿಯಲ್ಲಿ ಹಾಲಿನ ಬಣ್ಣ ನೋಡಿ ರೇಟು ಹಾಕ್ತಾರೆಯೇ? ಫ್ಯಾಟ್ ನೋಡ್ತಾರೆ, ಡಿಗ್ರಿ ನೋಡ್ತಾರೆ. ಕೆಲಸಕ್ಕೂ ಹಾಗೆಯೇ ಪರೀಕ್ಷೆ ಬೇಕು. ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಆ ಕೆಲಸದವರು ಬೆಳಗಿನಿಂದ ಸಂಜೆಯವರೆಗೆ ನಿಜವಾಗಿ ಏನು ಮಾಡುತ್ತಾರೆ? ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಕೆಲಸ ದಿನಾ ಇರುತ್ತದೆ. ಎರಡು, ಅದು ನಮ್ಮ ಮೈಗೂ ಮನಸ್ಸಿಗೂ ಹಿಡಿಸುತ್ತದೆಯೇ? ರಾತ್ರಿ ಪಾಳಿ ಒಬ್ಬನಿಗೆ ಸಲೀಸು, ಇನ್ನೊಬ್ಬನಿಗೆ ಕಾಯಿಲೆ. ಮೂರು, ಐದು ವರ್ಷ ಆದಮೇಲೆ ಕೈಯಲ್ಲಿ ಏನು ವಿದ್ಯೆ ಉಳಿಯುತ್ತದೆ? ಬರೀ ಡಬ್ಬ ಎತ್ತಿಟ್ಟವನಿಗೂ ವೆಲ್ಡಿಂಗ್ ಕಲಿತವನಿಗೂ ಆಗ ವ್ಯತ್ಯಾಸ ತಿಳಿಯುತ್ತದೆ.

ಮಾಡಿ ನೋಡಲು ದಾರಿಗಳು ಹತ್ತಿರದಲ್ಲೇ ಇವೆ. ನಮ್ಮ ತಾಲ್ಲೂಕಿನ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಊಟ, ವಸತಿ ಸಮೇತ ಉಚಿತವಾಗಿ ಕೊಡುತ್ತದೆ. ಐಟಿಐನಲ್ಲಿ ವೆಲ್ಡರ್ ಒಂದು ವರ್ಷ, ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆದು ಕಲಿಯಬಹುದು. ಕಂಟ್ರಾಕ್ಟ್ ಕೆಲಸಕ್ಕೆ ಸೇರುವವರು ಮಾತ್ರ ಮೊದಲೇ ಕೇಳಿ: ಸಂಬಳ ಕೊಡೋದು ಯಾರು? ಪಿಎಫ್, ಇಎಸ್‌ಐ ಉಂಟೇ? ಕಾಗದ ಕೊಡ್ತೀರಾ? ಕೇಳೋದರಲ್ಲಿ ನಾಚಿಕೆ ಬೇಡ.

ಹಸು ಕಟ್ಟೋದು ಓದದವರ ಪಾಡು ಅಂತ ತಿಳಿಯಬೇಡಿ. ಲೆಕ್ಕ ಬಲ್ಲವರು, ಮೇವು ಬೆಳೆಯುವವರು, ಕರು ಸಾಕುವ ತಾಳ್ಮೆ ಇರುವವರು ಅದರಲ್ಲೂ ಮುಂದೆ ಬರಬಹುದು. ಆದರೆ ಹಸು ಕಂಡರೆ ಆಗದವನಿಗೆ ಬಲವಂತವಾಗಿ ಹಗ್ಗ ಕೊಡಬೇಡಿ. ಹಸುವಿಗೂ ಕಷ್ಟ, ಅವನಿಗೂ ಕಷ್ಟ.

ತಂದೆ ತಾಯಂದಿರಲ್ಲಿ ಒಂದು ವಿನಂತಿ. "ಪಕ್ಕದ್ಮನೆ ಹುಡುಗ ನೋಡು" ಅನ್ನೋದು ಬಿಡಿ. ಹೆಣ್ಣುಮಕ್ಕಳಿಗೆ "ಮದುವೆವರೆಗೆ ಏನೋ ಒಂದು" ಅನ್ನೋದನ್ನೂ ಬಿಡಿ. ಅವರಿಗೂ ಬಾಳೆಲ್ಲ ಕೈಹಿಡಿಯುವ ಕಸುಬು ಬೇಕು. ಆಡಳಿತ ಮಂಡಳಿಯವರಲ್ಲಿ ಇನ್ನೊಂದು ಕೋರಿಕೆ. ತರಬೇತಿಯ ಸುದ್ದಿ, ಕೆಲಸದ ಸುದ್ದಿ ಬರೆಯಲು ಡೇರಿಯ ಗೋಡೆಗೆ ಒಂದು ಹಲಗೆ ಹಾಕಿಸಿ. ಕಸುಬು ಬಲ್ಲ ಸದಸ್ಯರು ವರ್ಷಕ್ಕೆ ಒಂದು ಮಗುವನ್ನು ಒಂದು ವಾರ ಜೊತೆಗೆ ಕರೆದುಕೊಂಡು ಹೋಗಿ ತಮ್ಮ ಕೆಲಸ ತೋರಿಸಲಿ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಒಬ್ಬೊಬ್ಬರ ಮನೆಯ ಎರಡೆರಡು ಲೀಟರ್ ಹಾಲು ಕೂಡಿಯೇ ಈ ಸಂಘ ನಿಂತಿದೆ. ನಮ್ಮ ಮಕ್ಕಳಿಗೆ ದಾರಿ ತೋರಿಸುವ ಕೆಲಸವೂ ಹಾಗೆಯೇ ಎಲ್ಲರೂ ಕೂಡಿದರೆ ಆಗುತ್ತದೆ.