ಮಗುವಿಗಿಂತ ಮೊದಲು ಪ್ರಶ್ನಾವಳಿಗೆ ಪರೀಕ್ಷೆ

(ಸಂಘದ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ನಮ್ಮ ಮಕ್ಕಳ ಕೈಗೆ ಪ್ರಶ್ನೆಪತ್ರಿಕೆಯ ಜೊತೆಗೆ ಇನ್ನೊಂದು ಬಗೆಯ ಕಾಗದವೂ ಬರುತ್ತಿದೆ. ಅದೇ ಮನೋವೈಜ್ಞಾನಿಕ ಪ್ರಶ್ನಾವಳಿ. ಓದುವ ಹವ್ಯಾಸ, ಪರೀಕ್ಷಾ ಭಯ, ಆತ್ಮವಿಶ್ವಾಸ, ಅಭಿರುಚಿ, ಬುದ್ಧಿಮಟ್ಟ ಹೀಗೆ ಅದರ ವಿಷಯಗಳು ಹಲವು. ಮಗು ಗುರುತು ಹಾಕುತ್ತದೆ, ನಾವು ಅಂಕ ಕೂಡುತ್ತೇವೆ. ಕೊನೆಗೆ "ಈ ಹುಡುಗಿಗೆ ವಿಜ್ಞಾನ ಆಗುವುದಿಲ್ಲ", "ಈ ಹುಡುಗನ ಬುದ್ಧಿ ಮಂದ" ಎಂಬ ಒಂದು ಮಾತು ಹೊರಬೀಳುತ್ತದೆ. ಎಸ್.ಎಸ್.ಎಲ್.ಸಿ. ನಂತರ ಯಾವ ವಿಷಯ ಓದಿಸಬೇಕು, ಓದಿಸಬೇಕೋ ಬೇಡವೋ ಎಂಬುದನ್ನು ಮನೆಯವರು ಆ ಒಂದು ಮಾತಿನ ಮೇಲೆ ತೀರ್ಮಾನಿಸುವುದುಂಟು. ಆದ್ದರಿಂದ ಈ ದಿನ ತಮ್ಮ ಮುಂದೆ ನಾನು ಇಡಬಯಸುವ ವಿಚಾರ ಒಂದೇ. ಮಗುವನ್ನು ಪರೀಕ್ಷಿಸುವ ಮೊದಲು ಪ್ರಶ್ನಾವಳಿಯನ್ನೇ ಪರೀಕ್ಷಿಸಬೇಕು, ಅದೂ ಆ ಮಗುವಿನ ಭಾಷೆಯಲ್ಲಿ.

ಎರಡು ಪದಗಳು

ಬಿ.ಇಡಿ. ಓದಿದವರಿಗೆಲ್ಲ ವಿಶ್ವಾಸಾರ್ಹತೆ ಮತ್ತು ಸಿಂಧುತ್ವ ಎಂಬ ಎರಡು ಪದಗಳು ಪರಿಚಿತ. ಉರ್ದುವಿನಲ್ಲಿ ಇವನ್ನು ಮೋತಬರಿಯತ್ ಮತ್ತು ಮಾಕೂಲಿಯತ್ ಎನ್ನುತ್ತೇವೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುವ ಪದಗಳಿವು. ಆದರೆ ಅರ್ಥ ಬಹಳ ಸರಳ.

ಗುಬ್ಬಿಯ ಕಡೆಯ ಒಬ್ಬ ರೈತರು ಅಡಿಕೆ ಮೂಟೆಯನ್ನು ತಕ್ಕಡಿಗೆ ಇಟ್ಟರೆಂದು ಭಾವಿಸಿ. ಅದೇ ಮೂಟೆ ಒಮ್ಮೆ 50 ಕಿಲೋ, ಇನ್ನೊಮ್ಮೆ 46, ಮತ್ತೊಮ್ಮೆ 53 ತೋರಿಸಿದರೆ ಆ ತಕ್ಕಡಿಗೆ ವಿಶ್ವಾಸಾರ್ಹತೆ ಇಲ್ಲ. ಇನ್ನೊಂದು ತಕ್ಕಡಿ ಪ್ರತಿ ಸಲವೂ ತಪ್ಪದೆ 48 ತೋರಿಸುತ್ತದೆ, ಆದರೆ ಮೂಟೆಯ ನಿಜವಾದ ತೂಕ 50. ಇದು ವಿಶ್ವಾಸಾರ್ಹ, ಆದರೆ ಸಿಂಧುವಲ್ಲ. ಎರಡನೆಯ ತಕ್ಕಡಿಯೇ ಹೆಚ್ಚು ಅಪಾಯಕಾರಿ. ಏಕೆಂದರೆ ಅದು ಪ್ರತಿ ಬಾರಿಯೂ ಒಂದೇ ಉತ್ತರ ಕೊಡುವುದರಿಂದ ನಾವು ಅದನ್ನು ನಂಬಿಬಿಡುತ್ತೇವೆ.

ಪ್ರಶ್ನಾವಳಿಯಲ್ಲಿ ಇದು ಹೇಗೆ ಆಗುತ್ತದೆ? "ನನಗೆ ಓದಲು ಪ್ರತ್ಯೇಕ ಕೋಣೆ ಇದೆ" ಎಂಬ ಹೇಳಿಕೆಯನ್ನು ಓದುವ ಹವ್ಯಾಸದ ಪಟ್ಟಿಗೆ ಸೇರಿಸಿದರೆಂದುಕೊಳ್ಳಿ. ತುಮಕೂರು ನಗರದಲ್ಲಿ ಒಂದೇ ಕೋಣೆಯಲ್ಲಿ ತಾಯಿ ಬೀಡಿ ಕಟ್ಟುತ್ತಾ, ಪಕ್ಕದಲ್ಲಿ ಮಕ್ಕಳು ಓದುವ ಮನೆಯ ಹುಡುಗಿ ಇದಕ್ಕೆ "ಇಲ್ಲ" ಎಂದೇ ಬರೆಯುತ್ತಾಳೆ. ಹತ್ತು ಸಲ ಕೇಳಿದರೂ ಅದೇ ಉತ್ತರ. ಆ ಹೇಳಿಕೆ ಅಳೆದದ್ದು ಅವಳ ಹವ್ಯಾಸವನ್ನಲ್ಲ, ಮನೆಯ ವಿಸ್ತೀರ್ಣವನ್ನು. ಅದೇ ರೀತಿ "ನಾನು ಶಾಲೆಗೆ ಸರಿಯಾದ ಸಮಯಕ್ಕೆ ಬರುತ್ತೇನೆ" ಎಂಬ ಹೇಳಿಕೆ, ಕುಣಿಗಲ್ ತಾಲ್ಲೂಕಿನ ಹಳ್ಳಿಯಿಂದ ಒಂದೇ ಬಸ್ಸನ್ನು ನಂಬಿ ಬರುವ ಹುಡುಗನ ಶಿಸ್ತನ್ನಲ್ಲ, ಬಸ್ಸಿನ ಶಿಸ್ತನ್ನು ಅಳೆಯುತ್ತದೆ.

ಕನ್ನಡ ನಾಡಿನ ಹಿರಿಯರು

ಈ ಎಚ್ಚರ ನಮ್ಮ ನಾಡಿಗೆ ಹೊಸದಲ್ಲ. ಫ್ರಾನ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸೈಮನ್ 1905ರಲ್ಲಿ ಮೊದಲ ಬುದ್ಧಿ ಮಾಪನವನ್ನು ಪ್ರಕಟಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟರ್ಮನ್ 1916ರಲ್ಲಿ ಅದನ್ನು ತಮ್ಮ ದೇಶದ ಮಕ್ಕಳಿಗೆ ಹೊಂದಿಸಿದರು. ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಅದನ್ನು ಬರಿದೇ ಭಾಷಾಂತರಿಸದೆ, ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳ ಮೇಲೆ ಪ್ರಯೋಗಿಸಿ, ಇಲ್ಲಿಗೆ ಹೊಂದುವಂತೆ ಪರಿಷ್ಕರಿಸಿದರು. ಭಾರತೀಯ ಮಕ್ಕಳ ಬುದ್ಧಿ ಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1940ರಲ್ಲಿ ಹೊರಬಂದಿತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಮೈಸೂರಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು.

ಹಿರಿಯರು ಮಾಡಿದ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ. ಜೇಮ್ಸ್ ಫ್ಲಿನ್ 1984 ಮತ್ತು 1987ರಲ್ಲಿ ತೋರಿಸಿಕೊಟ್ಟಂತೆ, ಬುದ್ಧಿ ಪರೀಕ್ಷೆಯಲ್ಲಿ ಜನರು ಪಡೆಯುವ ಅಂಕ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಅಜ್ಜನ ಕಾಲದ ಮಾನಕದಿಂದ ಮೊಮ್ಮಗನನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಭಾಷೆ ತಪ್ಪಿದರೆ

ಭಾಷೆಯ ತಪ್ಪಿನಿಂದ ಎಂತಹ ಅನ್ಯಾಯವಾಗಬಹುದೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಮೊಕದ್ದಮೆ ಸಾಕ್ಷಿ. ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿ ಪರೀಕ್ಷೆ ನಡೆಸಿ, ಅವರನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಲಾಗಿತ್ತು. ಒಂಬತ್ತು ಮಕ್ಕಳ ಪರವಾಗಿ ದಾವೆ ಹೂಡಲಾಯಿತು. ಅವರದೇ ಭಾಷೆಯಲ್ಲಿ ಮತ್ತೆ ಪರೀಕ್ಷಿಸಿದಾಗ ಅಂಕಗಳು ಮೇಲೇರಿದವು. ಮಕ್ಕಳನ್ನು ಮನೆಮಾತಿನಲ್ಲೂ ಪರೀಕ್ಷಿಸಬೇಕೆಂಬ ಒಪ್ಪಂದದೊಂದಿಗೆ 1970ರಲ್ಲಿ ಆ ದಾವೆ ಇತ್ಯರ್ಥವಾಯಿತು. ಮಕ್ಕಳು ಅವರೇ, ಬದಲಾದದ್ದು ಪರೀಕ್ಷೆಯ ಭಾಷೆ ಮಾತ್ರ.

ನಮ್ಮಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ನಮ್ಮ ಮಕ್ಕಳು ಮನೆಯಲ್ಲಿ ಆಡುವುದು ದಖನಿ, ಪುಸ್ತಕದಲ್ಲಿರುವುದು ಗ್ರಾಂಥಿಕ ಉರ್ದು, ಬೀದಿಯಲ್ಲಿರುವುದು ಕನ್ನಡ. "ಇಜ್ತಿರಾಬ್" ಎಂದರೆ ತಿಳಿಯದ ಹುಡುಗ "ಘಬರಾಹಟ್" ಎಂದರೆ ಕೂಡಲೇ ತಲೆಯಾಡಿಸುತ್ತಾನೆ. ಕನ್ನಡದಲ್ಲಿಯೂ ಹಾಗೆಯೇ. "ಉದ್ವಿಗ್ನತೆ" ಎಂದರೆ ಅರ್ಥವಾಗದ ಮಗುವಿಗೆ "ಗಾಬರಿ", "ದಿಗಿಲು" ಎಂದರೆ ತಿಳಿಯುತ್ತದೆ.

ಇನ್ನೊಂದು ತೊಡಕು ನಕಾರದ ವಾಕ್ಯದ್ದು. "ನಿನಗೆ ಪರೀಕ್ಷೆ ಎಂದರೆ ಭಯವಾಗುವುದಿಲ್ಲವೇ?" ಎಂದು ಕೇಳಿ ನೋಡಿ. ಒಬ್ಬ "ಇಲ್ಲ" ಎನ್ನುತ್ತಾನೆ, ಭಯವಿಲ್ಲ ಎಂಬ ಅರ್ಥದಲ್ಲಿ. ಇನ್ನೊಬ್ಬ "ಹೌದು" ಎನ್ನುತ್ತಾನೆ, ಅವನ ಅರ್ಥವೂ ಭಯವಿಲ್ಲ ಎಂದೇ! ಅಂಕ ಹಾಕುವವರು ಒಬ್ಬನನ್ನು ಧೈರ್ಯವಂತನೆಂದೂ ಮತ್ತೊಬ್ಬನನ್ನು ಅಂಜುಬುರುಕನೆಂದೂ ಬರೆದುಕೊಳ್ಳುತ್ತಾರೆ.

ಪರೀಕ್ಷಿಸುವ ಕ್ರಮ

ಹಾಗಾದರೆ ನಾವು ಏನು ಮಾಡಬೇಕು? ಶಿಕ್ಷಕರೂ ಸಂಶೋಧನೆ ಮಾಡುವ ವಿದ್ಯಾರ್ಥಿಗಳೂ ಅನುಸರಿಸಬಹುದಾದ ಕ್ರಮ ಹೀಗಿದೆ.

1. ಮರು ಅನುವಾದ: ಇಂಗ್ಲಿಷ್ ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೋ ಉರ್ದುವಿಗೋ ತರಲಿ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಎರಡು ಇಂಗ್ಲಿಷ್ ಪ್ರತಿಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ದೋಷವಿದೆ. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ವಿಧಾನವಿದು.

2. ತಜ್ಞರ ಅಭಿಪ್ರಾಯ: ಪ್ರತಿ ಹೇಳಿಕೆಯೂ ವಿಷಯಕ್ಕೆ ಅತ್ಯಗತ್ಯವೇ ಎಂದು ಅನುಭವಿಗಳನ್ನು ಕೇಳಿ. ಲಾಶೆ ಎಂಬುವರು 1975ರಲ್ಲಿ ಕೊಟ್ಟ ಸೂತ್ರದಂತೆ 10 ಜನರಲ್ಲಿ 9 ಮಂದಿ ಅತ್ಯಗತ್ಯ ಎಂದರೆ ಅನುಪಾತ 0.80. 8 ಮಂದಿ ಮಾತ್ರ ಎಂದರೆ 0.60. ಹತ್ತು ಜನರಿಗೆ ಅವರು ವಿಧಿಸಿದ ಕನಿಷ್ಠ ಮಿತಿ 0.62, ಆದ್ದರಿಂದ ಆ ಹೇಳಿಕೆ ಬಿದ್ದುಹೋಗುತ್ತದೆ.

3. ಮಕ್ಕಳ ಅಭಿಪ್ರಾಯ: ಕೆಲವು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, "ಈ ವಾಕ್ಯದಿಂದ ನಿನಗೆ ಏನು ತಿಳಿಯಿತು?" ಎಂದು ಕೇಳಿ. ಖರ್ಚಿಲ್ಲದ ಈ ಕೆಲಸದಿಂದ ದೊರೆಯುವ ಲಾಭ ಬಹಳ. ನಗರದ ಉರ್ದು ಮಾಧ್ಯಮ, ಗುಬ್ಬಿಯ ಕನ್ನಡ ಮಾಧ್ಯಮ, ಕುಣಿಗಲ್ಲಿನ ಗ್ರಾಮೀಣ ಶಾಲೆ, ಮೂರೂ ಕಡೆ ಕೇಳಬೇಕು.

4. ಪುನರಾವರ್ತನೆ: ಅದೇ ಮಕ್ಕಳಿಗೆ ಎರಡು ವಾರಗಳ ಬಳಿಕ ಮತ್ತೆ ಕೊಟ್ಟು ಸಹಸಂಬಂಧ ನೋಡಿ. ನಡುವೆ ಪರೀಕ್ಷೆಯೋ ಹಬ್ಬದ ರಜೆಯೋ ಬಾರದಿರಲಿ.

5. ಅರ್ಧವಿಭಜನೆ: ಬೆಸ ಮತ್ತು ಸಮ ಸಂಖ್ಯೆಯ ಹೇಳಿಕೆಗಳ ಅಂಕಗಳನ್ನು ಬೇರೆ ಮಾಡಿ ಹೋಲಿಸಿ. ಎರಡು ಅರ್ಧಗಳ ನಡುವಿನ ಸಹಸಂಬಂಧ 0.60 ಬಂದರೆ, ಸ್ಪಿಯರ್‌ಮನ್-ಬ್ರೌನ್ ಸೂತ್ರದಂತೆ ಪೂರ್ಣ ಪ್ರಶ್ನಾವಳಿಯ ವಿಶ್ವಾಸಾರ್ಹತೆ 0.75. ಇಂದು ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗುವ, ಕ್ರಾನ್‌ಬಾಕ್ 1951ರಲ್ಲಿ ಪ್ರಕಟಿಸಿದ ಆಲ್ಫಾ ಗುಣಾಂಕವೂ ಇದೇ ಬಗೆಯದು. ಅದು 0.70 ದಾಟಿದರೆ ಸಾಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಒಂದೇ ಮಾತನ್ನು ಹತ್ತು ರೀತಿಯಲ್ಲಿ ಕೇಳಿದರೂ ಆಲ್ಫಾ ಏರುತ್ತದೆ. ಆಲ್ಫಾ ಎಷ್ಟೇ ಹೆಚ್ಚಿದ್ದರೂ ಅದು ಸಿಂಧುತ್ವಕ್ಕೆ ಪುರಾವೆಯಲ್ಲ.

6. ಹೊರಗಿನ ಸಾಕ್ಷ್ಯ: ಪರೀಕ್ಷಾ ಭಯ ಹೆಚ್ಚೆಂದು ಪ್ರಶ್ನಾವಳಿ ತೋರಿಸಿದ ಮಕ್ಕಳು ನಿಜವಾಗಿಯೂ ಪರೀಕ್ಷೆಯ ದಿನಗಳಲ್ಲಿ ಅಂಜುತ್ತಾರೆಯೇ? ತರಗತಿ ಶಿಕ್ಷಕರನ್ನೂ ಪೋಷಕರನ್ನೂ ಕೇಳಿ ಹೋಲಿಸಬೇಕು. ಸಿಂಧುತ್ವ ತಿಳಿಯುವುದು ಇಲ್ಲಿ.

ಒಂದು ಅಂಕದ ಗೆರೆ

ಇಷ್ಟೆಲ್ಲ ಆದಮೇಲೂ ಅಂಕ ಎಂಬುದು ಕಲ್ಲಿನ ಬರಹವಲ್ಲ. ಬುದ್ಧಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸರಾಸರಿ 100, ಮಾನಕ ವಿಚಲನೆ 15. ಪರೀಕ್ಷೆಯ ವಿಶ್ವಾಸಾರ್ಹತೆ 0.84 ಇದ್ದರೆ, ಲೆಕ್ಕದಂತೆ ಮಾಪನದ ಮಾನಕ ದೋಷ 6 ಅಂಕ. ಹಾಗಾದರೆ 68 ಬಂದ ಮಗುವಿನ ನಿಜವಾದ ಅಂಕ 62ರಿಂದ 74ರ ನಡುವೆ ಎಲ್ಲಿಯಾದರೂ ಇರಬಹುದು, ಕೆಲವೊಮ್ಮೆ ಇನ್ನೂ ಆಚೆಗೂ ಇರಬಹುದು. 70ರ ಗೆರೆ ಎಳೆದು ಈ ಕಡೆಯ ಮಗು ಬುದ್ಧಿವಂತ, ಆ ಕಡೆಯದು ಮಂದ ಎನ್ನುವುದು ಲೆಕ್ಕಕ್ಕೂ ಒಪ್ಪದ ಮಾತು, ನ್ಯಾಯಕ್ಕೂ ಒಪ್ಪದ ಮಾತು.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಯಾರೇ ಪ್ರಶ್ನಾವಳಿ ತಂದರೂ ಮೂರು ಮಾತು ಕೇಳಿ: ಇದನ್ನು ಯಾವ ಮಕ್ಕಳ ಮೇಲೆ ಪರೀಕ್ಷಿಸಿದ್ದೀರಿ? ಯಾವ ಭಾಷೆಯಲ್ಲಿ? ಯಾವ ವರ್ಷ? ಉತ್ತರವಿಲ್ಲದಿದ್ದರೆ ಆ ಅಂಕದ ಮೇಲೆ ಮಗುವಿನ ಹಣೆಬರಹ ಬರೆಯಬೇಡಿ. ಉತ್ತರಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಬೇಡಿ. ಯಾವುದೇ ಮಗುವಿನ ಉತ್ತರದಲ್ಲಿ ತೀವ್ರ ನೋವು ಕಂಡರೆ ಅಂಕಕ್ಕಾಗಿ ಕಾಯದೆ ಮಗುವಿನೊಂದಿಗೆ ಮಾತನಾಡಿ, ತಜ್ಞರ ನೆರವು ಪಡೆಯಿರಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ಮನೆ ಗುರುತು ಹಾಕಬೇಡಿ, ಕೈ ಎತ್ತಿ ಕೇಳಿ. ಹಾಗೆ ಕೇಳುವುದು ದಡ್ಡತನವಲ್ಲ. ಆ ಪ್ರಶ್ನಾವಳಿಯ ದೋಷವನ್ನು ಮೊದಲು ಕಂಡುಹಿಡಿದವರು ನೀವೇ ಆಗಬಹುದು.