ಕೇಳೋಕೆ ಹಿಂಜರಿಯಬೇಡಿ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸಂಘಗಳ ಪ್ರೀತಿಯ ಅಕ್ಕತಂಗಿಯರೇ,

ವಾರದ ಸಭೆಯಲ್ಲಿ ನಾವು ಉಳಿತಾಯ, ಸಾಲದ ಕಂತು ಎಲ್ಲ ಕೇಳ್ತೇವೆ. ಪಕ್ಕದಲ್ಲಿ ಕೂತವಳ ಮನಸ್ಸಿನ ಭಾರ ಮಾತ್ರ ಕೇಳೋದಿಲ್ಲ. "ಸಾಯಬೇಕು ಅನಿಸುತ್ತಾ?" ಅಂತ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹೆದರುತ್ತೇವೆ. ಅದು ತಪ್ಪು ತಿಳುವಳಿಕೆ. ಪ್ರೀತಿಯಿಂದ ಕೇಳಿದರೆ ಭಾರ ಇಳಿಯುತ್ತದೆ.

ವೈದ್ಯರು ಬಳಸುವ ಪಿಎಚ್‌ಕ್ಯೂ-9 ಪಟ್ಟಿಯಲ್ಲಿ 9 ಪ್ರಶ್ನೆಗಳಿವೆ. ಕಳೆದ ಎರಡು ವಾರ ನಿದ್ದೆ, ಊಟ, ಸುಸ್ತು, ಬೇಸರ ಹೇಗಿತ್ತು ಎಂದು ಕೇಳುತ್ತಾರೆ. ಕೊನೆಯ ಪ್ರಶ್ನೆ ಸಾವಿನ ಯೋಚನೆಯದೇ. ಅದಕ್ಕೆ "ಹೌದು" ಎಂದರೆ ಒಟ್ಟು ಅಂಕ ಕಡಿಮೆ ಇದ್ದರೂ ಕೂಡಲೇ ವಿಚಾರಿಸಬೇಕು.

ಯಾರ ಕಡೆ ಹೆಚ್ಚು ಗಮನ ಬೇಕು?
- ಹಿಂದೆ ಒಮ್ಮೆ ಪ್ರಯತ್ನಿಸಿದವರು
- ಮನೆಯಲ್ಲಿ ಕುಡಿತ, ಹೊಡೆತ ಅನುಭವಿಸುವವರು
- ಸಾಲದಿಂದ ಕಂಗೆಟ್ಟವರು
- ಬಾಣಂತನದಲ್ಲಿ ಮಂಕಾದವರು
- ದೀರ್ಘ ಕಾಯಿಲೆಯವರು

ಅಂಥವಳನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕವನ್ನು ಬೇರೆಡೆ ಬೀಗ ಹಾಕಿಡಿಸಿ. ಜೊತೆಗೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ-ಮನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

"ಹುಚ್ಚಿ ಅಂತಾರೆ" ಎಂಬ ನಾಚಿಕೆ ಬೇಡ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮ ಅಂದಿನ ಬಳ್ಳಾರಿ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಶುರು ಮಾಡಿತು. 1996ರಲ್ಲಿ ಅದೇ ಇಡೀ ದೇಶಕ್ಕೆ ಮಾದರಿಯಾಯಿತು.

ಸಂಘದ ಗುಟ್ಟು ಹೊರಗೆ ಹೋಗಬಾರದು, ನಿಜ. ಆದರೆ ಜೀವ ಹೋಗುವ ಗುಟ್ಟನ್ನು ಮುಚ್ಚಿಡಬಾರದು. ದೇವರು ಕೊಟ್ಟ ಜೀವ, ಕಾಯೋಣ. ಮುಂದಿನ ಸಭೆಯಲ್ಲಿ ಕಂತಿಗೆ ಮೊದಲು "ಹೇಗಿದ್ದೀಯವ್ವಾ?" ಅಂತ ಕೇಳೋಣ.